ಮೇಲೆ ಥಳುಕು, ಕೆಳಗೆ ತುಕ್ಕು

“ಗಾಡಿ ಯಾವುದಾದರೇನು, ಒಳಗೆ ಚೆನ್ನಾಗಿ ಮಾಡಿಸಿದರಾಯಿತು.” ಕ್ಯಾಂಪರ್‌ವ್ಯಾನ್ ಮಾಡಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ಇದು. ಹಳೇ ಟೆಂಪೊ ಟ್ರಾವೆಲರ್ (ಟಿಟಿ) ಅಗ್ಗಕ್ಕೆ ಸಿಕ್ಕಿದೆ, ಹರಾಜಿಗೆ ಬಂದ ಆಂಬುಲೆನ್ಸ್ ಒಂದಿದೆ, ಚಿಕ್ಕಪ್ಪನ ಶೆಡ್ಡಿನಲ್ಲಿ ಓಮ್ನಿ ಸುಮ್ಮನೆ ನಿಂತಿದೆ. ಗಾಡಿಯ ಆಯ್ಕೆ ಅಲ್ಲಿಗೆ ಮುಗಿಯಿತು. ಆಮೇಲಿನ ತಿಂಗಳುಗಟ್ಟಲೆ ಚರ್ಚೆಯೆಲ್ಲ ಲ್ಯಾಮಿನೇಟಿನ ಬಣ್ಣ, ಅಡುಗೆಕಟ್ಟೆಯ ಅಳತೆ, ಚಾವಣಿಯ ದೀಪ, ಸೋಲಾರ್ ಪ್ಯಾನೆಲ್ಲುಗಳ ಸುತ್ತ. ಗಾಡಿಗೆ ನಾಲ್ಕು ಲಕ್ಷ, ಒಳಗಿನ ಕೆಲಸಕ್ಕೆ ಎಂಟು ಲಕ್ಷ ಎಂಬ ಲೆಕ್ಕವನ್ನು ಜಾಣತನ ಎಂದೇ ಎಲ್ಲರೂ ಒಪ್ಪಿಕೊಂಡಿದ್ದಾರೆ.

ಇದು ಜಾಣತನವಲ್ಲ. ಹೆಂಡತಿ ಮಕ್ಕಳನ್ನು ಮಲಗಿಸಿಕೊಂಡು ಘಾಟಿ ಇಳಿಯುವ ವಾಹನದ ವಿಷಯದಲ್ಲಿ ಇಷ್ಟು ಬೇಜವಾಬ್ದಾರಿಯ ಸಲಹೆಯನ್ನು ನಾವು ಇಷ್ಟು ಸಲೀಸಾಗಿ ನುಂಗಿಕೊಂಡಿರುವುದು ನನಗೆ ದಿಗಿಲು ಹುಟ್ಟಿಸುತ್ತದೆ.

ಈ ಸಲಹೆ ಯಾರಿಗೆ ಅನುಕೂಲ ಎಂದು ಮೊದಲು ಕೇಳಿಕೊಳ್ಳೋಣ. ಹತ್ತು ವರ್ಷ ದಾಟಿದ ಗಾಡಿಗೆ ಗಿರಾಕಿ ಸಿಗದೆ ಕೂತಿದ್ದ ಬ್ರೋಕರ್‌ಗೆ ಅನುಕೂಲ. ತಂದುಕೊಟ್ಟ ಗಾಡಿ ಎಂಥದ್ದಾದರೂ ಪ್ಲೈವುಡ್ ಹೊಡೆದು ಬಿಲ್ ಮಾಡುವ ಬಾಡಿ ಶೆಡ್ಡಿಗೆ ಅನುಕೂಲ. ಕ್ಯಾಮೆರಾ ಹಿಡಿದು ‘ಮೊದಲು ಹೀಗಿತ್ತು, ಈಗ ಹೀಗಾಗಿದೆ’ ಎಂದು ತೋರಿಸುವವರಿಗಂತೂ ಗಾಡಿ ಎಷ್ಟು ಹಾಳಾಗಿದ್ದರೆ ಅಷ್ಟು ಒಳ್ಳೆಯದು. ಆ ವಿಡಿಯೊಗಳಲ್ಲಿ ಹಾಸಿಗೆಯ ಹೊದಿಕೆ ಕಾಣುತ್ತದೆ, ಕಿಟಕಿಯಾಚೆಯ ಮಂಜು ಕಾಣುತ್ತದೆ. ಗಾಡಿಯ ಕೆಳಗೆ ಬೆನ್ನು ಹಾಕಿ ಮಲಗಿ ಟಾರ್ಚ್ ಹಿಡಿದ ಒಬ್ಬರನ್ನಾದರೂ ನೀವು ಕಂಡಿದ್ದೀರಾ?

ನಾನು ಮಲಗಿ ನೋಡಿದ ಒಂದು ಟಿಟಿಯ ಕಥೆ ಹೇಳುತ್ತೇನೆ. ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದರು, ಕನ್ನಡಿಯಂತೆ ಹೊಳೆಯುತ್ತಿತ್ತು. ಜಾರುಬಾಗಿಲಿನ ಮೆಟ್ಟಿಲ ಪಕ್ಕದ ಮ್ಯಾಟನ್ನು ಎತ್ತಿದರೆ ಅಡಿಯಲ್ಲಿ ತಗಡು ಒದ್ದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಅಂಚನ್ನು ತಟ್ಟುತ್ತಾ ಹೋದಂತೆ ಟಣ್ ಎನ್ನಬೇಕಾದ ಕಡೆ ಮೊದ್ದು ಸದ್ದು. ಅಲ್ಲಿ ಅಯಸ್ಕಾಂತ ಇಟ್ಟರೆ ಹಿಡಿಯಲಿಲ್ಲ. ಬಣ್ಣದ ಕೆಳಗೆ ಇದ್ದದ್ದು ಪುಟ್ಟಿ. ಹಿಂದಿನ ಚಕ್ರದ ಮೇಲೆ ಲೀಫ್ ಸ್ಪ್ರಿಂಗ್ ಬಂದು ಕೂರುವ ಬ್ರ್ಯಾಕೆಟ್ಟಿನ ಸುತ್ತ ಚಾಸಿ ಪದರ ಪದರವಾಗಿ ಎದ್ದಿತ್ತು, ಉಗುರಿನಲ್ಲಿ ಕೆರೆದರೆ ಹಪ್ಪಳದಂತೆ ಕೈಗೆ ಬಂತು. ಆ ಗಾಡಿ ಕರಾವಳಿಯಲ್ಲಿ ವರ್ಷಗಟ್ಟಲೆ ಓಡಿದ್ದು. ಅದಕ್ಕೆ ಆಗಲೇ ಗಿರಾಕಿ ಗೊತ್ತಾಗಿತ್ತು, ಒಳಗೆ ಹೊಡೆಯಲು ಪ್ಲೈವುಡ್ ಹಾಳೆಗಳೂ ಬಂದಿಳಿದಿದ್ದವು. ಒಮ್ಮೆ ನೆಲಹಾಸು ಹಾಕಿ, ಗೋಡೆಗೆ ಪ್ಯಾನೆಲ್ ಬಡಿದು, ಶಾಖ ತಡೆಯುವ ಫೋಮ್ ತುಂಬಿಬಿಟ್ಟರೆ ಆ ತುಕ್ಕು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಮಿನ ಹಿಂದೆ ನೀರು ಆರದೆ ನಿಂತು ಇನ್ನೂ ವೇಗವಾಗಿ ತಿನ್ನುತ್ತದೆ. ಎಂಟು ಲಕ್ಷದ ಮರಗೆಲಸವನ್ನು ಹೀಗೆ ಸಾಯುತ್ತಿರುವ ತಗಡಿಗೆ ಮೊಳೆ ಹೊಡೆದು ಕೂರಿಸುವುದು ಯಾವ ಸೀಮೆಯ ಉಳಿತಾಯ?

ಆಂಬುಲೆನ್ಸಿನ ವಿಷಯದಲ್ಲಿ ಇನ್ನೊಂದು ನಂಬಿಕೆ ಬೇರೂರಿದೆ. ಅದನ್ನು ಚೆನ್ನಾಗಿ ನೋಡಿಕೊಂಡಿರುತ್ತಾರೆ, ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇರುತ್ತದೆ ಎಂಬುದು. ಆದರೆ ಕರೆ ಬಂದ ಕೂಡಲೇ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಪೂರ್ತಿ ವೇಗಕ್ಕೆ ಒತ್ತುವುದು ಆ ಗಾಡಿಯ ದಿನಚರಿ. ಆಸ್ಪತ್ರೆಯ ಬಾಗಿಲಲ್ಲಿ ಎಸಿಗಾಗಿ, ಉಪಕರಣಗಳಿಗಾಗಿ ಎಂಜಿನ್ ಆರಿಸದೆ ಗಂಟೆಗಟ್ಟಲೆ ನಿಲ್ಲಿಸುವುದೂ ದಿನಚರಿಯೇ. ನಿಂತಲ್ಲೇ ಓಡಿದ ಎಂಜಿನ್ನಿನ ಲೆಕ್ಕ ಕಿಲೋಮೀಟರ್ ಮೀಟರಿಗೆ ಬರುವುದಿಲ್ಲ.

ಈ ಎಲ್ಲಕ್ಕಿಂತ ದೊಡ್ಡ ಅಪರಾಧ ತೂಕದ್ದು. ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಆರ್‌ಸಿಯಲ್ಲಿ ಸಾಮಾನ್ಯವಾಗಿ ಖಾಲಿ ಗಾಡಿಯ ತೂಕ, ಭಾರ ಹೇರಿದ ಮೇಲಿನ ಗರಿಷ್ಠ ತೂಕ ಎರಡೂ ಬರೆದಿರುತ್ತದೆ. ಅವುಗಳ ನಡುವಿನ ವ್ಯತ್ಯಾಸವೇ ನಿಮ್ಮ ಮನೆ, ನಿಮ್ಮ ಸಂಸಾರ, ನಿಮ್ಮ ನೀರು, ಎಲ್ಲ. ಈಗ ಕೂಡಿಸಿ ನೋಡಿ. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 35 ಕಿಲೊ. ಮಂಚ, ಕಪಾಟು, ಕಟ್ಟೆ ಎಂದು ಆರು ಹಾಳೆ ಹೋದರೆ 200 ಕಿಲೊ ದಾಟಿತು. ನೂರು ಲೀಟರ್ ನೀರೆಂದರೆ ನೂರು ಕಿಲೊ, ಟ್ಯಾಂಕಿನ ತೂಕ ಬೇರೆ. ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕಿಲೊಗಿಂತ ಹೆಚ್ಚು. ಮನೆಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೊ, ಕಬ್ಬಿಣ ಸೇರಿ ಸುಮಾರು 30. ಮೇಲೆ ಕ್ಯಾರಿಯರ್, ಪ್ಯಾನೆಲ್ಲು, ನೆರಳಿನ ಪರದೆ. ಫ್ರಿಜ್ಜು, ಹಾಸಿಗೆ, ಪಾತ್ರೆ, ಬಟ್ಟೆ. ಇನ್ನೂ ಒಬ್ಬ ಮನುಷ್ಯನೂ ಗಾಡಿ ಹತ್ತಿಲ್ಲ, ಆಗಲೇ ನಾಲ್ಕೂವರೆ ಕ್ವಿಂಟಾಲಿನ ಹತ್ತಿರ ಬಂದೆವು.

“ಸೀಟು ಕಿತ್ತು ಹಾಕಿದೆವಲ್ಲ, ಹನ್ನೆರಡು ಜನರ ಭಾರ ಉಳಿಯಲಿಲ್ಲವೇ?” ಎನ್ನುತ್ತಾರೆ. ಟಿಟಿಯ ಮಟ್ಟಿಗೆ ಒಟ್ಟು ಅಂಕಿ ಹೊಂದಿಕೊಳ್ಳಬಹುದು. ಆದರೆ ಪ್ರಯಾಣಿಕರು ಉದ್ದಕ್ಕೂ ಹರಡಿ ಕೂರುತ್ತಾರೆ, ಊರು ಬಂದಾಗ ಇಳಿದು ಹೋಗುತ್ತಾರೆ. ಮನೆ ಇಳಿಯುವುದಿಲ್ಲ. ಸ್ಪ್ರಿಂಗ್, ಬೇರಿಂಗ್, ಟಯರ್, ಬ್ರೇಕ್ ಎಲ್ಲವೂ ಪ್ರತಿ ಕಿಲೋಮೀಟರಿನಲ್ಲೂ ತುಂಬಿದ ಗಾಡಿಯನ್ನೇ ಹೊರಬೇಕು. ಅದರ ಮೇಲೆ ನೀರಿನ ಟ್ಯಾಂಕ್, ಬ್ಯಾಟರಿ, ಅಡುಗೆಕಟ್ಟೆ ಮೂರನ್ನೂ ಒಂದೇ ಪಕ್ಕಕ್ಕೆ, ಹಿಂದಿನ ಆಕ್ಸಲಿನ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೀರಿಂಗ್ ತೇಲುತ್ತದೆ. ಟಾಟಾ ವಿಂಗರ್‌ನಂಥ ಮುಂಚಕ್ರ ಚಾಲನೆಯ ಗಾಡಿಯಲ್ಲಿ ಇದು ಇನ್ನೂ ಕೆಟ್ಟದ್ದು. ಎಳೆಯಬೇಕಾದ ಚಕ್ರದ ಮೇಲೇ ಭಾರವಿಲ್ಲದಿದ್ದರೆ ಮಳೆಗಾಲದ ಏರಿನಲ್ಲಿ ಅದು ಜಾರದೆ ಇನ್ನೇನು ಮಾಡೀತು? ವಿಂಗರ್ ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. ಅದರ ನೆಲ ತಗ್ಗು, ಹತ್ತಿ ಇಳಿಯಲು ಸಲೀಸು. ಯಾವ ಗಾಡಿಯ ಎಳೆತ ಎಲ್ಲಿದೆ ಎಂದು ತಿಳಿಯದೆ ಎಲ್ಲದಕ್ಕೂ ಒಂದೇ ನಕ್ಷೆ ಹೊಡೆಯುವುದು ಕೆಟ್ಟದ್ದು.

ಓಮ್ನಿಯ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. 1984ರಲ್ಲಿ ಬಂದು 2019ರವರೆಗೆ ತಯಾರಾದ ಆ ‘ಮಾರುತಿ ವ್ಯಾನ್’ ನಮ್ಮ ಊರುಗಳ ಶಾಲೆಗೆ, ಮದುವೆಗೆ, ಆಸ್ಪತ್ರೆಗೆ ಓಡಿದೆ. ಆದರೆ ಅದರಲ್ಲಿರುವುದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 35ರ ಆಸುಪಾಸಿನ ಅಶ್ವಶಕ್ತಿ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಚಾಲಕನ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಬೇರೇನೂ ಇಲ್ಲ. ಮುಂದಕ್ಕೆ ಗುದ್ದಿದರೆ ಪೆಟ್ಟು ತಿನ್ನುವುದು ಕಾಲು. ಹೊಸ ಅಪಘಾತ ಸುರಕ್ಷತಾ ನಿಯಮಗಳಿಗೆ ಹೊಂದಿಸಲಾಗದೆ ಕಂಪನಿಯೇ ನಿಲ್ಲಿಸಿದ ಗಾಡಿಯ ತಲೆಯ ಮೇಲೆ ಕ್ಯಾರಿಯರ್, ಹಿಂದೆ ಮಂಚ, ಪಕ್ಕದಲ್ಲಿ ನೀರಿನ ಟ್ಯಾಂಕ್ ಹೇರಿ, ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಸುವುದನ್ನು ನಾವು ಸಾಹಸ ಎಂದು ಕರೆಯಬೇಕೇ? ಇಳಿಜಾರಿನಲ್ಲಿ ಒಂದೇ ಸಮನೆ ಒತ್ತಿದ ಬ್ರೇಕ್ ಲೈನರ್ ಕಾದು ಹಿಡಿತ ಬಿಟ್ಟಾಗ ಎದುರಿಗೆ ಬರುತ್ತಿರುವವನೂ ಯಾರದೋ ಮನೆಯ ಮಗ. ಅವನು ಯಾವ ಸಾಹಸಕ್ಕೂ ಒಪ್ಪಿಕೊಂಡಿರಲಿಲ್ಲ.

ಕಾನೂನಿನ ಮಾತು ಬಂದರೆ “ಆರ್‌ಟಿಒದಲ್ಲಿ ನಮ್ಮವರಿದ್ದಾರೆ, ಏನೂ ಆಗಲ್ಲ” ಎಂಬ ಉತ್ತರ ಸಿದ್ಧ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಹೇಳುವುದು ಸ್ಪಷ್ಟವಾಗಿದೆ: ಆರ್‌ಸಿಯ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿದೆ, ಬಾಡಿಯ ಬಗೆ ಆರ್‌ಸಿಯಲ್ಲಿದೆ, ತೂಕ ಆರ್‌ಸಿಯಲ್ಲಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು ಎನ್ನುತ್ತದೆ. 2021ರ ಆಗಸ್ಟಿನಲ್ಲಿ ಕಣ್ಣೂರಿನಲ್ಲಿ ಇಬ್ಬರು ಜನಪ್ರಿಯ ಯೂಟ್ಯೂಬರ್‌ಗಳ ಮನೆಯಾಗಿದ್ದ ಟ್ರಾವೆಲರ್ ಗಾಡಿಯನ್ನು ಅಲ್ಲಿನ ಮೋಟಾರು ವಾಹನ ಇಲಾಖೆ ವಶಪಡಿಸಿಕೊಂಡದ್ದು ನಮ್ಮ ನೆರೆಯಲ್ಲೇ ನಡೆದ ಸಂಗತಿ. ಲಕ್ಷಾಂತರ ಜನ ನೋಡುತ್ತಿದ್ದ ಗಾಡಿಗೇ ರಕ್ಷಣೆ ಸಿಗಲಿಲ್ಲ. ನಿಮ್ಮ ಬ್ರೋಕರನ ಪರಿಚಯ ಎಷ್ಟು ದೂರ ಬಂದೀತು?

ದಂಡವನ್ನಾದರೂ ಕಟ್ಟಿ ಕೈತೊಳೆದುಕೊಳ್ಳಬಹುದು. ವಿಮೆಯ ವಿಷಯದಲ್ಲಿ ಹಾಗಾಗುವುದಿಲ್ಲ. ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ನೀವೇ ಕೊಟ್ಟ ಅಸ್ತ್ರ. ಮೂರನೆಯವರಿಗೆ ಪರಿಹಾರ ಕೊಡಬೇಕಾಗಿ ಬಂದರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡುವ ದಾರಿ ಅವರಿಗಿದೆ. ಇದರ ಮೇಲೆ ಕಾಗದ ಪತ್ರದ ತೊಡಕು. ಮಾರುಕಟ್ಟೆಯಲ್ಲಿ ಸಿಗುವ ಟಿಟಿಗಳಲ್ಲಿ ಹೆಚ್ಚಿನವು ಹಳದಿ ಬೋರ್ಡಿನವು. ಅವನ್ನು ಬಿಳಿ ಬೋರ್ಡು ಮಾಡಿಸಲು ಪರ್ಮಿಟ್ ಸರೆಂಡರ್ ಮಾಡಬೇಕು, ತೆರಿಗೆಯ ಲೆಕ್ಕ ಮತ್ತೆ ಹಾಕಿಸಬೇಕು, ಸಾಲ ಇದ್ದರೆ ತೀರಿದ ಪತ್ರ ಬೇಕು, ಬೇರೆ ರಾಜ್ಯದ್ದಾದರೆ ಎನ್‌ಒಸಿ ಬೇಕು. ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ತಪಾಸಣೆ, ಮರುನೋಂದಣಿ. ಕಾರಿನಂಥ ವಾಹನದ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ದಾರೆ. ಹದಿಮೂರು ವರ್ಷದ ಗಾಡಿ ಕೊಂಡು ಒಂದು ವರ್ಷ ಶೆಡ್ಡಿನಲ್ಲಿ ಕೆಲಸ ಮಾಡಿಸಿದರೆ ಹೊರಗೆ ಬರುವ ಹೊತ್ತಿಗೆ ಅದರ ಮುಂದೆ ಉಳಿಯುವುದು ಒಂದೇ ವರ್ಷ. ತಪಾಸಣೆಗೆ ನಿಂತಾಗ ಒಳಗಿನ ಮಂಚ, ಒಲೆ, ಸಿಂಕನ್ನು ಎಲ್ಲಿ ಬಚ್ಚಿಡುತ್ತೀರಿ?

ಸರಿಯಾದ ದಾರಿ ಇಲ್ಲವೆಂದೇನೂ ಅಲ್ಲ. ಮೋಟಾರ್ ಕ್ಯಾರವಾನ್, ಖಾಸಗಿ ಬಳಕೆಯ ಕ್ಯಾಂಪರ್‌ವ್ಯಾನ್ ಎಂಬ ವರ್ಗಗಳು ನೋಂದಣಿಯ ಪಟ್ಟಿಯಲ್ಲೇ ಇವೆ. ಮೋಟಾರ್ ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳಿವೆ. ಆದರೆ ಆ ದಾರಿ ಶುರುವಾಗುವುದು ಗಾಡಿಯ ಆಯ್ಕೆಯಿಂದ. ಯಾವ ಮಾದರಿಯ ಮೇಲೆ ಕಟ್ಟಲು ಅನುಮೋದನೆ ಪಡೆದ ತಯಾರಕರಿದ್ದಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ಗಾಡಿ ಕೊಳ್ಳಬೇಕು. ನಮ್ಮಲ್ಲಿ ಗಾಡಿ ಕೊಂಡು, ಮನೆ ಕಟ್ಟಿಸಿ, ಗೃಹಪ್ರವೇಶ ಮುಗಿಸಿ ಕಾಗದ ಪತ್ರ ಕೇಳುತ್ತಾರೆ.

ಕಿಟಕಿಯ ಗಾಡಿಯೋ ಮುಚ್ಚಿದ ಡೆಲಿವರಿ ವ್ಯಾನೋ ಎಂಬ ಪ್ರಶ್ನೆಯನ್ನು ಎಷ್ಟು ಜನ ಕೇಳಿಕೊಂಡಿದ್ದಾರೆ? ಸುತ್ತಲೂ ಗಾಜಿರುವ ಗಾಡಿ ಏಪ್ರಿಲಿನ ಬಳ್ಳಾರಿಯಲ್ಲಿ ಒಲೆಯಂತೆ ಕಾಯುತ್ತದೆ, ಕಪಾಟು ಬಿಗಿಯಲು ಗೋಡೆಯೂ ಸಿಗುವುದಿಲ್ಲ. ಮುಚ್ಚಿದ ವ್ಯಾನಿಗೆ ಕಿಟಕಿ ಬೇಕೆಂದರೆ ತಗಡು ಕೊಯ್ಯಬೇಕು. ವಿಂಗರ್, ಫೋರ್ಸ್ ಅರ್ಬೇನಿಯಾದಂಥ ಮೋನೊಕಾಕ್ ಗಾಡಿಗಳಲ್ಲಿ ಬಾಡಿಯೇ ಭಾರ ಹೊರುವ ಚೌಕಟ್ಟು. ಎಸಿಗೆಂದು, ಬೆಳಕಿಂಡಿಗೆಂದು ಚಾವಣಿಯ ಅಡ್ಡಪಟ್ಟಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿದವನು ಗಾಡಿ ಮಗುಚಿದಾಗ ತಲೆ ಕಾಯುವ ಪಕ್ಕೆಲುಬನ್ನು ಕತ್ತರಿಸಿದ್ದಾನೆ. ಎತ್ತರ ಸಾಲದೆಂದು ಚಾವಣಿ ಏರಿಸುವುದೂ ಹಾಗೆಯೇ. ನಿಂತು ಓಡಾಡಬೇಕೆಂದಿದ್ದರೆ ಕಂಪನಿಯಿಂದಲೇ ಎತ್ತರದ ಚಾವಣಿಯೊಂದಿಗೆ ಬಂದ ಮಾದರಿ ಕೊಳ್ಳಿ.

ಬಾಗಿಲುಗಳ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಗಾಡಿ ಆರಿಸುವಾಗ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡುವವರಿಲ್ಲ. ತೆರೆಯುವಂತಿದ್ದರೂ ಅಡ್ಡಕ್ಕೆ ಮಂಚ ಹಾಕಿ ಮುಚ್ಚುತ್ತಾರೆ. ಒಲೆಯನ್ನು ಜಾರುಬಾಗಿಲ ಪಕ್ಕದಲ್ಲೇ ಕೂರಿಸುತ್ತಾರೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆಂದು. ಬೆಂಕಿ ಹತ್ತುವುದೂ ಅಲ್ಲೇ, ಹೊರಗೆ ಹೋಗುವ ದಾರಿಯೂ ಅದೊಂದೇ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ, ನಿಯಮ ಮೀರಿ ಒಳಗೆ ತಂದಿದ್ದ ಅಡುಗೆ ಅನಿಲದಿಂದ ಬೆಂಕಿ ಹೊತ್ತಿ ಒಂಬತ್ತು ಜನ ಸತ್ತರು. ಅದು ರೈಲಿನ ಬೋಗಿ, ಎರಡೂ ತುದಿಗೆ ಬಾಗಿಲುಗಳಿದ್ದವು. ಆರಡಿ ಅಗಲದ ಗಾಡಿಯೊಳಗೆ ಫೋಮ್, ಪ್ಲೈವುಡ್, ಪರದೆಗಳ ನಡುವೆ ಮಲಗಿದ ಮಗುವನ್ನು ಎತ್ತಿಕೊಳ್ಳಲು ನಿಮಗೆ ಎಷ್ಟು ಕ್ಷಣ ಸಿಗುತ್ತದೆ? ಕಂಪನಿ ಕೊಟ್ಟ ಬೆಲ್ಟಿನ ಸೀಟುಗಳನ್ನು ಕಿತ್ತು, ಗೋಡೆಗೆ ಒರಗುವ ಪ್ಲೈವುಡ್ ಬೆಂಚು ಹಾಕಿ, ಗಾಡಿ ಓಡುತ್ತಿರುವಾಗಲೇ ಮಕ್ಕಳನ್ನು ಅದರ ಮೇಲೆ ಆಡಲು ಬಿಡುವ ತಂದೆ ತಾಯಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಿಲ್ಲ. ಹೇಳಬೇಕಾದವರು ಪರದೆಯ ಬಣ್ಣ ಹೇಳುತ್ತಿದ್ದರು.

ಹೊರದೇಶದ ನಕ್ಷೆಗಳನ್ನು ಇದ್ದ ಹಾಗೆಯೇ ತಂದು ಹೊಡೆಯುವ ಚಾಳಿಯೂ ಇದಕ್ಕೆ ಸೇರಿಕೊಂಡಿದೆ. ಯುರೋಪಿನ ಕ್ಯಾಂಪರ್‌ಗಳಲ್ಲಿ ಬಹುಪಾಲಿಗೆ ಮೂಲವಾದ ಫಿಯಟ್ ಡುಕಾಟೊ ಒಳಗೆ ಅಗಲವಾದ ಗಾಡಿ, ಅದರಲ್ಲಿ ಅಡ್ಡಕ್ಕೆ ಮಲಗಬಹುದು. ಅದು ನಮ್ಮಲ್ಲಿ ಮಾರಾಟಕ್ಕೇ ಇಲ್ಲ. ಅವರ ಮುಖ್ಯ ಶತ್ರು ಚಳಿ, ನಮ್ಮದು ಬಿಸಿಲು ಮತ್ತು ಮಲೆನಾಡಿನ ತಿಂಗಳುಗಟ್ಟಲೆ ಬಿಡದ ಮಳೆ. ಉದ್ದ ಹೆಚ್ಚಿದಷ್ಟು ಒಳ್ಳೆಯದೆಂದು ಕೊಂಡ ದೊಡ್ಡ ಟಿಟಿ ಸಕಲೇಶಪುರದ ತೋಟದ ದಾರಿಯಲ್ಲಿ ತಿರುಗುವುದಿಲ್ಲ, ಬೆಂಗಳೂರಿನ ಯಾವ ಅಡ್ಡರಸ್ತೆಯಲ್ಲೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದರೆ ಒಂದು ಆಕ್ಷೇಪ ಬರುತ್ತದೆ: ಹಾಗಾದರೆ ಇದು ದುಡ್ಡಿದ್ದವರ ಆಟವೇ, ಸಾಧಾರಣ ಜನ ಕನಸು ಕಾಣಬಾರದೇ? ಈ ಆಕ್ಷೇಪವನ್ನು ನಾನು ಹಗುರಾಗಿ ತಳ್ಳುವುದಿಲ್ಲ. ಆದರೆ ಅಗ್ಗದ ಗಾಡಿಯ ಸಲಹೆಯಿಂದ ಹೆಚ್ಚು ನಷ್ಟವಾಗುವುದು ಸಾಧಾರಣ ಜನರಿಗೇ. ದುಡ್ಡಿದ್ದವನು ಗಾಡಿ ಕೆಟ್ಟರೆ ಇನ್ನೊಂದು ಕೊಳ್ಳುತ್ತಾನೆ. ಪಿಎಫ್ ಹಣ ತೆಗೆದು ನಿವೃತ್ತಿಯ ಕನಸು ಕಟ್ಟಿದ ಮೇಷ್ಟರು ಇನ್ನೊಮ್ಮೆ ಎಲ್ಲಿಂದ ತಂದಾರು? ಹಣ ಕಡಿಮೆ ಇದ್ದರೆ ಕಡಿಮೆ ಮಾಡಬೇಕಾದ್ದು ಒಳಗಿನ ಮನೆಯನ್ನು. ನಾಲ್ಕೈದು ವರ್ಷದ, ಒಬ್ಬರೇ ಓಡಿಸಿದ, ಕಾಗದ ಸರಿಯಿರುವ ಮಾರುತಿ ಈಕೊ ಕೊಳ್ಳಿ. ಸೀಟು ಕೀಳದೆ ಅದರ ಮೇಲೆ ಹಾಸಿ ಮಡಚುವ ಹಲಗೆ ಮಾಡಿಸಿ, ಇಪ್ಪತ್ತು ಲೀಟರಿನ ಎರಡು ಕ್ಯಾನ್ ನೀರು ಇಟ್ಟುಕೊಳ್ಳಿ, ಒಲೆಯನ್ನು ಗಾಡಿಯಿಂದ ಇಳಿಸಿ ಹೊರಗೆ ಹಚ್ಚಿ. ಮನೆಗೆ ಬಂದ ಮೇಲೆ ಹಲಗೆ ತೆಗೆದರೆ ಅದು ಮತ್ತೆ ಆರ್‌ಸಿಯಲ್ಲಿ ಇದ್ದಂಥದೇ ಗಾಡಿ. ಇದರ ಫೋಟೊ ಯಾರೂ ಹಂಚಿಕೊಳ್ಳದಿರಬಹುದು. ಹತ್ತು ವರ್ಷ ಓಡುತ್ತದೆ.

ಗಾಡಿ ಕೊಳ್ಳುವವರು ಹಣದ ಲೆಕ್ಕವನ್ನು ಇವತ್ತೇ ತಿರುಗಿಸಿ ಬರೆಯಬೇಕು. ದೊಡ್ಡ ಪಾಲು ಗಾಡಿಗೆ, ಉಳಿದದ್ದು ಮರಗೆಲಸಕ್ಕೆ. ಮುಂಗಡ ಕೊಡುವ ಮುನ್ನ ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಗಾಡಿಯನ್ನು ರ‍್ಯಾಂಪ್ ಹತ್ತಿಸಿ ಅಡಿಯನ್ನು ನೋಡಿ. ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ಮುಂದಿನ ಚಕ್ರಗಳನ್ನೊಮ್ಮೆ, ಹಿಂದಿನ ಚಕ್ರಗಳನ್ನೊಮ್ಮೆ, ಇಡೀ ಗಾಡಿಯನ್ನೊಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ನೀರು ತುಂಬಿಸಿ, ಮನೆಮಂದಿಯನ್ನೆಲ್ಲ ಕೂರಿಸಿ ಮತ್ತೆ ತೂಗಿಸಿ.

ಬಾಡಿ ಕಟ್ಟುವವರೇ, ತುಕ್ಕು ತಿಂದ ಚಾಸಿಯ ಮೇಲೆ ಪ್ಲೈವುಡ್ ಬಡಿಯಲು ನೀವು ಒಲ್ಲೆ ಎನ್ನಬೇಕು. ಗಿರಾಕಿ ಪಕ್ಕದ ಶೆಡ್ಡಿಗೆ ಹೋದಾನು, ಹೋಗಲಿ. ಒಪ್ಪಿಕೊಂಡ ಗಾಡಿಗೆ ಬಿಲ್ಲಿನ ಜತೆ ತೂಕದ ಚೀಟಿ, ವಿದ್ಯುತ್ ತಂತಿಯ ನಕ್ಷೆ, ಗ್ಯಾಸ್ ಪೈಪಿನ ನಕ್ಷೆ ಕೊಡಿ. ಯಾವ ಬಾಗಿಲನ್ನೂ ಮುಚ್ಚಬೇಡಿ.

ಇನ್ನು ಸರ್ಕಾರ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸ ನೀತಿ ತಂದಿತು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಮಾತಿತ್ತು. ಪ್ರವಾಸೋದ್ಯಮ ಇಲಾಖೆ ಬನ್ನಿ ಎಂದು ಕರೆಯುತ್ತದೆ, ಸಾರಿಗೆ ಇಲಾಖೆಯ ಕೌಂಟರಿನಲ್ಲಿ ಸರಿಯಾದ ಅರ್ಜಿ ಯಾವುದೆಂದು ಹೇಳುವವರಿಲ್ಲ. ಒಂದು ಕುಟುಂಬಕ್ಕೆ ಒಂದು ಗಾಡಿ ಮಾಡಿಕೊಳ್ಳಬೇಕೆಂದರೆ ದೊಡ್ಡ ತಯಾರಕರಿಗೆಂದು ರೂಪಿಸಿದ ಪರೀಕ್ಷಾ ವ್ಯವಸ್ಥೆಯ ಮುಂದೆ ನಿಲ್ಲಬೇಕು. ಈ ಗೊಂದಲವೇ ಬ್ರೋಕರನ ಬಂಡವಾಳ. ಯಾವ ಯಾವ ಮಾದರಿಯ ಗಾಡಿಯನ್ನು ಕ್ಯಾಂಪರ್ ಮಾಡಬಹುದು, ಎಷ್ಟು ವಯಸ್ಸಿನೊಳಗೆ, ಎಷ್ಟು ತೂಕದವರೆಗೆ, ಗ್ಯಾಸ್ ಮತ್ತು ಬಾಗಿಲಿನ ನಿಯಮವೇನು, ಶುಲ್ಕವೆಷ್ಟು, ಎಷ್ಟು ದಿನದಲ್ಲಿ ತಪಾಸಣೆ ಮುಗಿಸಿ ಆರ್‌ಸಿ ತಿದ್ದಿಕೊಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ರಾಜ್ಯದ ಪ್ರತಿ ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಲಿ. ಕೇಂದ್ರದ ನಿಯಮ ಅಡ್ಡ ಬರುತ್ತಿದ್ದರೆ ಬಿಡಿ ಮಾಲೀಕರಿಗೂ ನಿಲುಕುವ ಪರೀಕ್ಷೆ ಬೇಕೆಂದು ದೆಹಲಿಗೆ ಬರೆಯಲಿ. ಅದಾಗುವವರೆಗೆ ಹತ್ತು ವರ್ಷ ದಾಟಿದ ಗಾಡಿಯನ್ನು ಕ್ಯಾಂಪರಿಗೆಂದು ಯಾರೂ ಕೊಳ್ಳಬೇಡಿ, ಯಾರೂ ಮಾಡಿಕೊಡಬೇಡಿ.